ಹಿತ್ತಾಳೆಯ ಬಳೆ

"ಕಳ್ಳ ನೀನು. ಬಳೆ ಕದ್ದಿದ್ದಿ."

ಮಾರಿಸ್ ಬಾಗಿಲಲ್ಲೇ ನಿಂತು ಕೂಗಿದ. ಶುಕ್ರವಾರದ ಮಧ್ಯಾಹ್ನ, ಕೊಲ್ಲಿನಾಡಿನ ಬಿನ್ ಒಮ್ರಾನಿನ ಆ ಕಟ್ಟಡದಲ್ಲಿ ಎಲ್ಲರೂ ಮಲಗುವ ಹೊತ್ತು. ಅವನ ಕಂಕುಳಲ್ಲಿ ಅಜ್ಜನ ಬ್ಯಾಂಜೋ ಇತ್ತು.

"ಮೆಲ್ಲ ಮಾತಾಡು ಮಾರಾಯ, ಇಡೀ ಮಹಡಿಗೆ ಕೇಳ್ತದೆ," ಎಂದ ಯೂಸ್ಟೇಸ್. "ಯಾವ ಬಳೆ?"

"ಚರ್ಮದ ಅಡಿಯಲ್ಲಿ ಕೂರುವ ಹಿತ್ತಾಳೆ ಬಳೆ. ಹೊಸ ಚರ್ಮ ಹಾಕ್ತೇನೆ ಅಂತ ತಕ್ಕೊಂಡಿ. ಬಳೆ ತೆಗೆದು ನಿನ್ನ ಡಬ್ಬಕ್ಕೆ ಹಾಕಿದ್ದಿ. ಈಗ ನಿನ್ನ ಡಬ್ಬ ಮಾತಾಡ್ತದೆ, ನನ್ನದು ಸತ್ತಿದೆ."

ಡಬ್ಬ ಎಂದದ್ದು ಗೋಡೆಗೆ ತೂಗುಹಾಕಿದ್ದ ಇನ್ನೊಂದು ಬ್ಯಾಂಜೋಗೆ. ಯೂಸ್ಟೇಸ್ ಬಡಗಿ. ಹಮದ್ ಬಂದರಿನ ಹತ್ತಿರ ಮರದ ಪೆಟ್ಟಿಗೆ ಮಾಡುವ ಕೆಲಸ. ಒಡೆದ ಪೆಟ್ಟಿಗೆಯ ಹಲಗೆಯಿಂದ ಅದನ್ನು ತಾನೇ ಮಾಡಿದ್ದ.

ಅಜ್ಜನದಕ್ಕೆ ನೂರು ವರ್ಷದ ಮೇಲಾಗಿತ್ತು. ಬೊಂಬಾಯಿಯಲ್ಲಿ ಹಡಗಿನ ಬ್ಯಾಂಡಿನವನೊಬ್ಬ ಅಜ್ಜನಿಗೆ ಕೊಟ್ಟು ಹೋದದ್ದು. ಇನ್ನು ಹನ್ನೊಂದು ದಿನಕ್ಕೆ ಊರಿನಲ್ಲಿ ಮಾರಿಸನ ಮಗಳ ರೋಸ್, ಅಂದರೆ ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಆ ಮನೆಯ ಪ್ರತಿ ರೋಸಿನಲ್ಲೂ ಇದೇ ಬ್ಯಾಂಜೋ ನುಡಿದಿತ್ತು. ಅಜ್ಜ ನುಡಿಸಿದ್ದ, ಅಪ್ಪ ನುಡಿಸಿದ್ದ. ಪಪ್ಪ, ನೀವು ನುಡಿಸಬೇಕು ಎಂದು ಮಗಳು ಹೇಳಿದ್ದಳು. ಅವಳು ಬೇರೇನನ್ನೂ ಕೇಳಿರಲಿಲ್ಲ.

"ಬಿಚ್ಚು. ಎರಡನ್ನೂ ನನ್ನ ಕಣ್ಣೆದುರು ಬಿಚ್ಚು."

ಯೂಸ್ಟೇಸನಿಗೂ ಸಿಟ್ಟು ಬಂತು. ಅವನನ್ನು ಕಳ್ಳ ಎಂದವರು ಈವರೆಗೆ ಯಾರೂ ಇರಲಿಲ್ಲ. ಮೇಜಿನ ಮೇಲೆ ಚಾದರ ಹಾಸಿದ. ಸ್ಪ್ಯಾನರ್ ತಂದ. ಅವನ ಮೊಬೈಲು ಹೊಡೆದುಕೊಂಡಿತು. ಮಾರಿಸ್ ಬೈಗುಳ ನಿಲ್ಲಿಸಲಿಲ್ಲ. ಯೂಸ್ಟೇಸ್ ಮೊಬೈಲನ್ನು ಆರಿಸಿದ.

ಮೊದಲು ಅಜ್ಜನದು. ಸುತ್ತಲಿನ ಇಪ್ಪತ್ತನಾಲ್ಕು ಕೊಕ್ಕೆ ಸಡಿಲಿಸಿ, ಚರ್ಮ ಎತ್ತಿದ. ತೆಳು ಕರುವಿನ ಚರ್ಮ, ಬೆಳಕಿಗೆ ಹಿಡಿದರೆ ಬೆರಳು ಕಾಣುವಂಥದ್ದು. ಅದರಡಿ, ಹದವಾಗಿ ಬಗ್ಗಿಸಿದ ಮರದ ವೃತ್ತದ ಮೇಲೆ ಹಿತ್ತಾಳೆಯ ಬಳೆ ಕುಳಿತಿತ್ತು.

"ನೋಡು. ಇದು ಎಂತ?"

ಮಾರಿಸ್ ಬಳೆಯನ್ನು ಬೆರಳಿನಿಂದ ಒತ್ತಿ ನೋಡಿದ. "ಹಾಗಾದ್ರೆ ನಿನ್ನದು?"

ಯೂಸ್ಟೇಸ್ ತನ್ನದನ್ನು ಕವುಚಿ ಹಾಕಿದ. ಕುತ್ತಿಗೆ ಪೆಟ್ಟಿಗೆಯ ಹಲಗೆ, ಬುರುಡೆ ಹಿಟ್ಟಿನ ಜರಡಿಯ ಮರದ ಪಟ್ಟಿ. ಅದರ ಮೇಲೆ ಕಸಾಯಿಯವನಿಂದ ಕೇಳಿ ತಂದ ದಪ್ಪ ಆಡಿನ ಚರ್ಮ, ನೆನೆಸಿ ಎಳೆದು ಸುತ್ತಲೂ ಮೊಳೆ ಹೊಡೆದದ್ದು. ಕೊಕ್ಕೆಯಿಲ್ಲ, ಬಳೆಯಿಲ್ಲ. ಅಜ್ಜನದಕ್ಕೆ ಉಕ್ಕಿನ ತಂತಿಯಿದ್ದರೆ ಇದಕ್ಕೆ ದೊಡ್ಡ ಮೀನು ಹಿಡಿಯುವ ನೈಲಾನ್ ದಾರ.

"ಇದರಲ್ಲಿ ಬಳೆ ಹುಡುಕು. ಸಿಕ್ಕಿದ್ರೆ ನನ್ನ ಕೈ ಕಡಿ."

ಮಾರಿಸ್ ಹುಡುಕಿದ. ಒಳಗೆ ಕೈಹಾಕಿ ತಡಕಿದ. ಸಿಗಲಿಲ್ಲ. ಆಮೇಲೆ ಆ ನೈಲಾನ್ ದಾರವನ್ನು ಮೀಟಿದ. "ಇದು ಎದೆಗೆ ತಾಗ್ತದೆ. ಈ ಜರಡಿ ಮಾತಾಡ್ತದೆ, ಅದು ಮಾತಾಡೂದಿಲ್ಲ. ಯಾಕೆ? ನೀನು ಎಂತ ಮಾಡಿದ್ದಿ ಅದಕ್ಕೆ?"

ಅವನ ಕಣ್ಣು ಯೂಸ್ಟೇಸನ ಬಾಯಿಯನ್ನೇ ನೋಡುತ್ತಿತ್ತು, ಸುಳ್ಳು ಅಲ್ಲಿಂದಲೇ ಹೊರಬೀಳಬೇಕು ಎಂಬಂತೆ.

ಯೂಸ್ಟೇಸ್ ಚರ್ಮವನ್ನು ಮತ್ತೆ ಕೂರಿಸಿದ. ಕೊಕ್ಕೆಗಳನ್ನು ಎದುರುಬದುರಾಗಿ, ಒಂದೊಂದೇ ಸುತ್ತು ಬಿಗಿದ. ತಂತಿಗೆ ಆಸರೆಯಾಗುವ ಪುಟ್ಟ ಮರದ ಕುದುರೆ ನಿಲ್ಲಿಸಿ ತಂತಿ ಏರಿಸಿದ. ಗಂಟೆ ಕಳೆಯಿತು. ಎಲ್ಲಕ್ಕಿಂತ ಸಣ್ಣ ತಂತಿಯನ್ನು ಮೀಟಿದ.

"ನೋಡಿದ್ಯಾ? ಉಗುರು ತಾಗಿದ್ದು ಬಿಟ್ರೆ ಎಂತದ್ದೂ ಇಲ್ಲ," ಎಂದ ಮಾರಿಸ್. "ಎರಡು ತಿಂಗಳಿಂದ ಹೀಗೇ. ಕ್ಯಾಂಪಿನ ರೂಮಿನಲ್ಲಿ ದಿನಾ ನುಡಿಸಿ ನೋಡ್ತೇನೆ. ನನ್ನ ಅಪ್ಪ ಸತ್ತಾಗ ಇಷ್ಟು ಅತ್ತವನಲ್ಲ ನಾನು."

ಯೂಸ್ಟೇಸ್ ಕುದುರೆ ಸರಿಸಿ ಮೀಟಿದ. ಕೊಕ್ಕೆ ಬಿಗಿದು ಮೀಟಿದ. ತಲೆ ಬಗ್ಗಿಸಿಕೊಂಡೇ, "ಚಾ ಮಾಡ್ಲಾ?" ಎಂದ. ಮಾರಿಸ್ ಉತ್ತರಿಸಲಿಲ್ಲ. ಅಷ್ಟು ಸಿಟ್ಟು.

ಯೂಸ್ಟೇಸ್ ಸ್ಪ್ಯಾನರ್ ಕೆಳಗಿಟ್ಟ. ಆಮೇಲೆ ತಲೆಯೆತ್ತಿದ.

"ಗ್ಯಾಸ್ ಪ್ಲಾಂಟಿಗೆ ಸೇರಿ ಎಷ್ಟು ವರ್ಷ ಆಯ್ತು ನೀನು?"

"ಹತ್ತೊಂಬತ್ತು. ಹತ್ತೊಂಬತ್ತೂ ಆ ಅಬ್ಬರಿಸುವ ಕಂಪ್ರೆಸರಿನ ಹತ್ತಿರ. ಮಾತು ತಿರುಗಿಸಬೇಡ. ಇದನ್ನು ಹಾಳು ಮಾಡಿದ್ದು ಯಾರು, ಹೇಳು."

"ನಾನು."

ಮಾರಿಸ್ ಕಣ್ಣು ಕಿರಿದು ಮಾಡಿದ.

"ನಾನೇ ಮಾರಿಸ್," ಯೂಸ್ಟೇಸ್ ಒಂದೊಂದೇ ಮಾತು ಬಿಡಿಸಿ ಹೇಳಿದ. "ಚರ್ಮ ಬೇಗ ಒಣಗಲಿ ಅಂತ ಇಸ್ತ್ರಿಪೆಟ್ಟಿಗೆ ಇಟ್ಟೆ. ಒಳಗಿನ ಮರಕ್ಕೆ ಬಿಸಿ ತಾಗಿತು. ಇನ್ನು ಯಾವ ಚರ್ಮ ಹಾಕಿದ್ರೂ ಅದು ನುಡಿಯೂದಿಲ್ಲ. ಖಲಾಸ್. ರೋಸಿಗೆ ನನ್ನದನ್ನು ತಕ್ಕೊಂಡು ಹೋಗು."

ಹೊಡೆತ ಬೀಳುತ್ತದೆಂದು ಅವನು ಕಾದ. ಬೀಳಲಿಲ್ಲ. ಮಾರಿಸ್ ಗೋಡೆಗೆ ಕೈಯೂರಿ ನಿಂತ. ಹದಿನೈದು ವರ್ಷ ಒಂದೇ ಇಗರ್ಜಿಯಲ್ಲಿ, ಒಂದೇ ಬೆಂಚಿನಲ್ಲಿ ಕೂತವರು ಅವರು.

"ಕದ್ದಿದ್ರೆ ವಾಪಸ್ ಕೇಳಬಹುದಿತ್ತು," ಎಂದ ಕೊನೆಗೆ. "ನೀನು ಕೊಂದೇ ಬಿಟ್ಟಿ."

ಜರಡಿಯ ಬ್ಯಾಂಜೋವನ್ನು ಎತ್ತಿಕೊಂಡ. ಅಜ್ಜನದನ್ನು ಮುಟ್ಟಲಿಲ್ಲ.

"ಹೆಣ ನೀನೇ ಇಟ್ಕೋ."

ಬಾಗಿಲು ಬಡಿಯಿತು. ಮಾರಿಸ್ ಆ ಮನೆಗೆ ಮತ್ತೆಂದೂ ಬರಲಿಲ್ಲ.

ಅವನು ಹೋಗಿ ಐದು ನಿಮಿಷವಾಗಿರಲಿಲ್ಲ, ಪಕ್ಕದ ಫ್ಲ್ಯಾಟಿನ ಯತಿರಾಜ್ ಕಣ್ಣುಜ್ಜುತ್ತಾ ಬಂದು ಮೇಜಿನ ಮೇಲಿದ್ದ ಅಜ್ಜನ ಬ್ಯಾಂಜೋವನ್ನು ದುರುಗುಟ್ಟಿ ನೋಡಿದ. "ನನಗೆ ನೈಟ್ ಡ್ಯೂಟಿ ಉಂಟು ಯೂಸ್ಟೇಸಣ್ಣ. ನೀವಿಬ್ರು ಇದರ ಸಣ್ಣ ತಂತಿ ಮೀಟ್ಲಿಕ್ಕೆ ಶುರು ಮಾಡಿದಲ್ಲಿಂದ ನಾನು ಕಣ್ಣು ಮುಚ್ಚಿಲ್ಲ. ಗೋಡೆ ದಾಟಿ ಬಂದು ಕಿವಿಗೆ ಸೂಜಿ ಚುಚ್ಚಿದ ಹಾಗೆ ಆಗ್ತದೆ."