ಎಡಗೆನ್ನೆಯ ಫೋಟೊ

"ಇದು ನನ್ನ ಫೋಟೊ ಅಲ್ಲಮ್ಮ," ಎಂದಳು ದರ್ಜಿಯಮ್ಮ, ಕಂಪ್ಯೂಟರಿನ ಪರದೆಯತ್ತ ಬೊಟ್ಟು ಮಾಡಿ. ಲೇಸರ್ ಕೋಣೆಯ ನರ್ಸಿನ ಮುಖ ಬಿಳಿಚಿಕೊಂಡಿತು. ಮಚ್ಚೆ ತೆಗೆಯಲೆಂದು ಆರು ಸಲ ಕೆನ್ನೆ ಸುಟ್ಟಾಗಿದೆ, ಇವತ್ತಿನದೇ ಕೊನೆಯದು. ಇಷ್ಟು ದಿನ ಬೇರೆ ಯಾರದೋ ಫೈಲು ನೋಡಿಕೊಂಡು ಸುಟ್ಟಿದ್ದರೆ?

"ಸರಿಯಾಗಿ ನೋಡಿ ಅಕ್ಕ. ಮೊದಲನೇ ದಿನ ನಾನೇ ತೆಗೆದಿದ್ದು, ಕೂದಲು ಹಿಂದಕ್ಕೆ ಕಟ್ಟಿ, ಪಕ್ಕದಿಂದ."

"ನನ್ನ ಮುಖ ನನಗೆ ಗೊತ್ತಿಲ್ವಾ?" ಎಂದು ದಬಾಯಿಸಿದಳಾದರೂ ಅವಳಿಗೂ ಒಳಗೊಳಗೇ ದಿಗಿಲು. ಎಡಗೆನ್ನೆಯ ಕೆಂಪು ಮಚ್ಚೆ ಹುಟ್ಟಿನಿಂದ ಬಂದದ್ದು. ಫೋಟೊ ಎಂದರೆ ಬಲಗೆನ್ನೆ ಕೊಟ್ಟು ನಿಲ್ಲುವುದು, ಕನ್ನಡಿ ಎಂದರೆ ಬೈತಲೆ ತೆಗೆದು, ಕೂದಲನ್ನು ಕೆನ್ನೆಯ ಮೇಲೆಳೆದು ಎದ್ದುಬಿಡುವುದು, ನಲವತ್ತು ವರ್ಷ ಹೀಗೇ ನಡೆದಿತ್ತು. ತನ್ನ ಮುಖವನ್ನು ನೆನೆದರೆ ಮಚ್ಚೆಯೊಂದೇ ಕಣ್ಣಿಗೆ ಕಟ್ಟುತ್ತಿತ್ತು. ಪರದೆಯ ಮೇಲಿನವಳಿಗೂ ಮಚ್ಚೆಯಿತ್ತು, ನಿಜ. ಆದರೆ ಅವಳಿಗೆ ನೀಳವಾದ ಮೂಗಿತ್ತು, ಗಲ್ಲದಲ್ಲಿ ಸಣ್ಣ ಗುಳಿಯಿತ್ತು, ಮುಚ್ಚಿದ ಕಣ್ಣಿಗೆ ದಟ್ಟ ರೆಪ್ಪೆಯಿತ್ತು. ಯಾರಿವಳು?

ನರ್ಸು ಡಾಕ್ಟರನ್ನು ಕರೆಯಲು ಬಾಗಿಲಿಗೆ ಓಡಿದಳು. ಅಷ್ಟರಲ್ಲಿ ದರ್ಜಿಯಮ್ಮನ ಕಣ್ಣು ಫೋಟೊದವಳ ಅಂಗಿಯ ಕಾಲರಿನ ಮೇಲೆ ಬಿತ್ತು. ತುದಿಯಲ್ಲಿ ಬಿಚ್ಚಿ ಮತ್ತೆ ಹಾಕಿದ, ಕೂದಲೆಳೆಯಷ್ಟು ಸೊಟ್ಟಗಿನ ಹೊಲಿಗೆ. ಅದು ಅವಳದೇ ಕೈ, ಮೊದಲನೇ ದಿನ ಅವಳೇ ತೊಟ್ಟು ಬಂದಿದ್ದ ಅಂಗಿ.

"ನಿಲ್ಲಮ್ಮ," ಎಂದಳು. ತನಗೇ ಗೊತ್ತಿಲ್ಲದೆ ಅವಳ ಬೆರಳು ಪರದೆಯ ಮೇಲಿನ ಮಚ್ಚೆಯನ್ನು ಸವರುತ್ತಿತ್ತು. "ಇವಳು ಚೆನ್ನಾಗೇ ಇದ್ದಳಲ್ಲ?"