ಬೆಚ್ಚಗಿನ ಧೂಳು

ನೆರೆಯ ಗ್ಯಾಲಕ್ಸಿಗಳಲ್ಲಿ ವರ್ಷಕ್ಕೆ ಎಷ್ಟು ನಕ್ಷತ್ರ ಹುಟ್ಟುತ್ತವೆ ಎಂದು ಅಳೆಯುವುದರಲ್ಲೇ ವಸುಮತಿಯ ತಲೆ ನರೆತಿತ್ತು. ಹೊಸ ನಕ್ಷತ್ರಗಳು ಸುತ್ತಲಿನ ಧೂಳನ್ನು ಕಾಯಿಸುತ್ತವೆ. ಆ ಬಿಸಿ ನೋಡಿ ಹುಟ್ಟಿನ ಲೆಕ್ಕ ಹಾಕಬೇಕು. ಅವಳ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ನಂದಿತಾ ಒಂದು ಗ್ಯಾಲಕ್ಸಿಯ ಚಿತ್ರ ತಂದು ಮುಂದಿಟ್ಟಳು. ಅವಳ ಇಡೀ ಪ್ರಬಂಧ ಅದರ ಮೇಲೆಯೇ ನಿಂತಿತ್ತು.

"ಇದು ಸತ್ತ ಗ್ಯಾಲಕ್ಸಿ, ತೆಗೆದುಹಾಕು," ವಸುಮತಿ ಕಡ್ಡಿ ಮುರಿದಂತೆ ಹೇಳಿದಳು.

"ಇನ್ನೂ ಬೆಚ್ಚಗಿದೆಯಲ್ಲ ಮೇಡಂ."

"ಮುದಿ ನಕ್ಷತ್ರಗಳೂ ಧೂಳನ್ನು ಬೆಚ್ಚಗಿಡುತ್ತವೆ. ಬಿಸಿ ಇದ್ದ ಮಾತ್ರಕ್ಕೆ ಜೀವ ಇದೆ ಅಂತಲ್ಲ. ಅಲ್ಲಿ ಹುಟ್ಟು ನಿಂತು ಯಾವ ಕಾಲವಾಯಿತೋ."

"ಇಷ್ಟು ವರ್ಷ ಇದನ್ನೇ ನೋಡಿಕೊಂಡು ಕೂತಿದ್ದೆ ಮೇಡಂ."

"ಅದಕ್ಕೇ ನಿನಗೆ ಕಾಣ್ತಿಲ್ಲ. ಮೋಹ ಇಟ್ಟುಕೊಂಡರೆ ಅಳತೆ ಕೆಡುತ್ತೆ."

ನಂದಿತಾ ಕಣ್ಣೊರೆಸಿಕೊಂಡು ಎದ್ದು ಹೋದಳು.

ಅದೇ ವಾರ, ವಾಕಿಂಗ್ ಹೋಗಿದ್ದ ವಸುಮತಿಯ ಗಂಡನಿಗೆ ಲಾರಿ ಗುದ್ದಿತು. ಐಸಿಯುನಲ್ಲಿ ಅವನ ಎದೆ ವೆಂಟಿಲೇಟರಿನ ಲಯಕ್ಕೆ ಏರಿಳಿಯುತ್ತಿತ್ತು. ಡಾಕ್ಟರು ಅವಳನ್ನು ಹಾಸಿಗೆಯ ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು.

"ಎರಡು ಸಲ ಪರೀಕ್ಷೆ ಮಾಡಿದ್ವಿ ಮೇಡಂ. ಮೆದುಳು ಪೂರ್ತಿ ಸತ್ತಿದೆ. ಈ ಉಸಿರು ಯಂತ್ರದ್ದು, ಅವರದ್ದಲ್ಲ. ನೀವು ಹ್ಞೂಂ ಅಂದರೆ ತೆಗೆದುಬಿಡ್ತೀವಿ."

ವಸುಮತಿ ಗಂಡನ ಅಂಗೈಯನ್ನು ತನ್ನ ಎರಡೂ ಕೈಗಳಲ್ಲಿ ಮುಚ್ಚಿ ಹಿಡಿದುಕೊಂಡಳು.

"ಇನ್ನೂ ಬೆಚ್ಚಗಿದೆಯಲ್ಲ ಡಾಕ್ಟ್ರೇ," ಎಂದಳು.