ಹ್ಯಾಂಡಲ್ ಮುಟ್ಟದ ಗಿರಾಕಿಗಳು

“ನೀವೇ ಒಂದ್ಸಲ ತುಳಿದು ತೋರ್ಸಿ, ನೋಡ್ತೀವಿ,” ಎಂದ ತೀರ್ಥಹಳ್ಳಿಯಿಂದ ಬಂದಿದ್ದ ಸುಬ್ಬಪ್ಪ.

ಧರ್ಮಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಈ ತಿಂಗಳಲ್ಲಿ ಇದೇ ಮಾತು ಕೇಳುತ್ತಿರುವುದು ಇದು ಐದನೆಯ ಸಲ. ಸೈಕಲ್ ಕೊಳ್ಳಲು ಬಂದವನು ತಾನು ಹತ್ತಿ ನೋಡಬೇಕೋ, ಮಾರುವವನನ್ನು ಹತ್ತಿಸಿ ಮೋಜು ನೋಡಬೇಕೋ?

“ನೀವೇ ಹತ್ತಿ. ಸೀಟು ತಗ್ಗಿಸಿ ಕೊಡ್ತೀನಿ.”

“ನಂಗ್ಯಾಕೆ ಬಿಡಿ. ಆ ದಿಬ್ಬದ ತಂಕ ಹೋಗ್ ಬನ್ನಿ, ಸಾಕು.” ಸುಬ್ಬಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಧರ್ಮಪ್ಪ ಹಲ್ಲು ಕಚ್ಚಿ ಹತ್ತಿದ.

ಅದು ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿರುವಂಥ ಕರಿ ಸೈಕಲ್ಲಲ್ಲ, ರೇಸಿನದು. ಮೂವತ್ತು ವರ್ಷದ ಹಿಂದೆ ಇಂಗ್ಲೆಂಡಿನ ಯಾವನೋ ಒಬ್ಬ ಕಸಬುದಾರ ಉಕ್ಕಿನ ಕೊಳವೆಗಳನ್ನು ಒಂದೊಂದಾಗಿ ಅರದಲ್ಲಿ ಉಜ್ಜಿ, ಹಿತ್ತಾಳೆ ಕರಗಿಸಿ, ಕೈಯಾರೆ ಬೆಸೆದದ್ದು. ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿದ ಹ್ಯಾಂಡಲ್. ಎರಡೇ ಬೆರಳಲ್ಲಿ ಎತ್ತಬಹುದು. ಕಾಫಿ ತೋಟದ ದೊರೆಯೊಬ್ಬ ದೇಶ ಬಿಟ್ಟು ಹೋಗುವಾಗ ಹರಾಜಿನಲ್ಲಿ ಧರ್ಮಪ್ಪನ ಕೈಗೆ ಬಂದಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ತಾಲ್ಲೂಕು ಜಾಲಾಡಿದರೂ ಇಂಥದ್ದು ಇನ್ನೊಂದು ಸಿಗುತ್ತಿರಲಿಲ್ಲ.

ಆದರೆ ಜೂನ್ ಒಂದಕ್ಕೆ ಅವನು ಆಗುಂಬೆಯ ಅಂಚೆ ಕಚೇರಿಯಲ್ಲಿ ಕೆಲಸಕ್ಕೆ ಹಾಜರಾಗಬೇಕಿತ್ತು. “ಆ ಮಳೇಲಿ ಈ ಸಪೂರ ಟೈರು ಯಾವ ಮೂಲೆಗೆ ಸಾಕು? ಮಾರ್ಬಿಡು ಮಗಾ,” ಎಂದವಳು ತಾಯಿ ಗುತ್ಯಮ್ಮ. ಗಿರಾಕಿ ಹುಡುಕುವ ಕೆಲಸವನ್ನೂ ಅವಳೇ ಮೈಮೇಲೆ ಹಾಕಿಕೊಂಡಳು. ವರದಹಳ್ಳಿಯ ಆಶ್ರಮಕ್ಕೆ ಹೋದಾಗಲೆಲ್ಲ ಅಲ್ಲಿಗೆ ಬಂದ ಪರಊರಿನವರ ಕಿವಿಗೆ ಹಾಕಿ ಬರುತ್ತಿದ್ದಳು.

ಜನ ಬಂದದ್ದೇನೋ ನಿಜ. ಹೊಸನಗರದ ಜಟ್ಟಪ್ಪ ಹೆಂಡತಿಯನ್ನೂ ಕರೆದುಕೊಂಡು ಬಂದ. ಆನಂದಪುರದಿಂದ ಅಣ್ಣ ತಮ್ಮ ಇಬ್ಬರು ಬಂದರು. ಒಬ್ಬನಾದರೂ ಪೆಡಲ್ ತಿರುಗಿಸಿ ನೋಡಲಿಲ್ಲ, ಬ್ರೇಕು ಒತ್ತಲಿಲ್ಲ. ಇವನನ್ನು ದಿಬ್ಬ ಹತ್ತಿಸುವುದು, ಇಳಿದು ಬಂದ ಮೇಲೆ “ಎದೆ ಹೊಡ್ಕಳಲ್ವಾ?” ಎಂದು ಕೇಳುವುದು. “ಹಗುರದ ಸೈಕಲ್ಲು, ದಿಬ್ಬ ಗೊತ್ತೇ ಆಗಲ್ಲ,” ಎಂದು ಇವನು ಹೊಗಳುವುದು. ಅವರು ಒಳಗೆ ಹೋಗಿ ಅವಲಕ್ಕಿ ತಿಂದು, ಎರಡೆರಡು ಲೋಟ ಕಾಫಿ ಕುಡಿದು, “ಮನೇಲಿ ಕೇಳಿ ಹೇಳಿ ಕಳಿಸ್ತೀವಿ” ಎಂದು ಬಸ್ಸು ಹತ್ತುವುದು. ಆಮೇಲೆ ಪತ್ತೆಯೇ ಇಲ್ಲ.

ಕಾರಣ ಧರ್ಮಪ್ಪನಿಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ, ೧೯೬೧ರಲ್ಲಿ, ಅವನಿಗೆ ಕ್ಷಯ ತಗುಲಿತ್ತು. ಎಂಟು ತಿಂಗಳು ಆಸ್ಪತ್ರೆಯಲ್ಲಿ ಮಲಗಿ ಗುಣವಾಗಿ ಬಂದ. ಪೂರ್ತಿ ಗುಣವಾಗಿದೆ ಎಂದು ಡಾಕ್ಟರು ಬರೆದೂ ಕೊಟ್ಟಿದ್ದರು. ಊರು ಆ ಚೀಟಿಯನ್ನು ಓದಬೇಕಲ್ಲ! ಹೋಟೆಲಿನಲ್ಲಿ ಅವನ ಲೋಟ ಬೇರೆಯಾಯಿತು. ನಿಶ್ಚಯವಾಗಿದ್ದ ಸಂಬಂಧ ಮುರಿಯಿತು. ಅಂದಿನಿಂದ ಮನೆಯಲ್ಲಿ ಮದುವೆ ಎಂಬ ಶಬ್ದ ಕೇಳಿದರೆ ಊಟ ಬಿಟ್ಟು ಏಳುತ್ತಿದ್ದ. ಕ್ಷೌರಿಕನೂ ಅವನನ್ನು ಕಡೆಗೆ ಕೂರಿಸುತ್ತಿದ್ದ. ಈಗ ಅವನು ಹಿಡಿದ ಹ್ಯಾಂಡಲ್ಲನ್ನು ಹಿಡಿಯಲೂ ಜನಕ್ಕೆ ಹೇಸಿಗೆ. ಬೆಲೆ ಎಷ್ಟಾದರೂ ಸಿಗಲಿ, ಅವನಿಗೆ ಅದು ಮುಖ್ಯವಾಗಿರಲಿಲ್ಲ. ಒಬ್ಬನೇ ಒಬ್ಬ ಮನುಷ್ಯ ಹಿಂದುಮುಂದು ನೋಡದೆ ಅದನ್ನು ಹಿಡಿದು ಹತ್ತಿದರೆ ಸಾಕಿತ್ತು.

ದಿಬ್ಬ ಹತ್ತಿ ಇಳಿದು ಬಂದ. ಸುಬ್ಬಪ್ಪ ಚಕ್ರದ ಕಡೆ ಕಣ್ಣು ಹಾಯಿಸಲಿಲ್ಲ, ಇವನ ಮುಖವನ್ನೇ ನೋಡುತ್ತಿದ್ದ.

“ಇನ್ನೊಂದ್ಸಲ ಹೋಗ್ ಬರ್ತೀರಾ?”

ಹೋಗಿ ಬಂದ. ಬಂದವನಿಗೆ “ನೀರು ಬೇಕಾ?” ಎಂದು ಬೇರೆ ಕೇಳಿದ ಆಸಾಮಿ. ಅಷ್ಟರಲ್ಲಿ ಗುತ್ಯಮ್ಮ ಬಾಗಿಲಿಗೆ ಬಂದು, “ಒಳಗೆ ಬನ್ನಿ, ಕಾಫಿ ಆಯ್ತು,” ಎಂದಳು. ಸುಬ್ಬಪ್ಪ ಚಪ್ಪಲಿ ಕಳಚಿ ಒಳಗೆ ಹೋದ.

ಧರ್ಮಪ್ಪನ ತಾಳ್ಮೆ ಅಲ್ಲಿಗೆ ಮುಗಿಯಿತು. ಬಸ್ಸಿಳಿದ ಪರಊರಿನವರಿಗೆ ತನ್ನ ಕಾಯಿಲೆಯ ಸುದ್ದಿ ತಿಳಿಯುವುದಾದರೂ ಹೇಗೆ? ಪೇಟೆಯಲ್ಲಿ ಬಸ್ ನಿಲ್ದಾಣದ ಎದುರೇ ಮುಕುಂದಯ್ಯನ ಬಾಡಿಗೆ ಸೈಕಲ್ ಅಂಗಡಿ. ದಾರಿ ಕೇಳಿದವರ ಕಿವಿ ಊದುತ್ತಿರುವವನು ಅವನೇ ಇರಬೇಕು. ಸೈಕಲ್ ತಿರುಗಿಸಿ ನೇರ ಅಲ್ಲಿಗೆ ನುಗ್ಗಿದ.

“ನನ್ನ ಗಿರಾಕಿಗಳಿಗೆ ಏನಂತ ಹೇಳ್ತಿದ್ದೀಯ ಮುಕುಂದಯ್ಯ? ಕ್ಷಯದವನ ಸೈಕಲ್ಲು ಅಂತಲಾ?”

ಪಂಕ್ಚರು ಹಾಕುತ್ತಿದ್ದ ಮುಕುಂದಯ್ಯ ತಲೆಯೆತ್ತಿದ. “ನಿಂಗೆ ತಲೆ ಕೆಟ್ಟಿದ್ಯೇನೋ ಮಾರಾಯ? ನಾನೇ ತಗಳ್ಳಣ ಅಂತ ಮೂರು ಸಲ ನಿಮ್ಮನೆಗೆ ಬಂದಿದ್ದೆ. ಮೂರು ಸಲಾನೂ ನಿಮ್ಮಮ್ಮ, ಬೇರೆಯವ್ರು ಮುಂಗಡ ಕೊಟ್ಟಾಯ್ತು ಅಂತ ಬಾಗಿಲಿಂದ್ಲೇ ಕಳಿಸಿದ್ರು.”

ಹಾಗೆನ್ನುತ್ತಲೇ ಎದ್ದು ಹ್ಯಾಂಡಲ್ ಹಿಡಿದ. ಬಟ್ಟೆಯಲ್ಲಿ ಒರೆಸಲೂ ಇಲ್ಲ. ಕಾಲೆತ್ತಿ ಹಾಕಿ, ಪೇಟೆಯ ತುದಿಯವರೆಗೆ ಹೋಗಿ, ಹಲ್ಲು ಬಿಡುತ್ತ ವಾಪಸು ಬಂದ. “ಗಾಳಿ ಕಣೋ ಇದು, ಗಾಳಿ!”

ಧರ್ಮಪ್ಪ ಹ್ಯಾಂಡಲ್ ಮೇಲಿದ್ದ ಅವನ ಕೈಗಳನ್ನೇ ನೋಡಿದ. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು. ಕೊಳ್ಳುವವನು ಊರಲ್ಲೇ ಇದ್ದ! ಹೆತ್ತ ತಾಯಿ ಸುಳ್ಳು ಹೇಳಿ ಅವನನ್ನು ಓಡಿಸಿದ್ದಾಳೆ. ಗಾಣದ ಎತ್ತಿನಂತೆ ಮಗನನ್ನು ಕಂಡಕಂಡವರ ಮುಂದೆ ದಿಬ್ಬ ಹತ್ತಿಸಿ ಇಳಿಸಿದ್ದಾಳೆ. ಇವತ್ತು ಕೇಳಿಯೇ ಬಿಡಬೇಕು ಎಂದುಕೊಂಡು ಮನೆಯ ಕಡೆ ತುಳಿದ.

ಗೋಡೆಗೆ ಸೈಕಲ್ ಒರಗಿಸಿ ಮೆಟ್ಟಿಲ ಮೇಲೆ ಕಾಲಿಟ್ಟವನಿಗೆ ಒಳಗಿನಿಂದ ಮೊದಲು ಅಮ್ಮ ಬಿಕ್ಕಿ ಅಳುವ ಸದ್ದು ಕೇಳಿಸಿತು, ಆಮೇಲೆ ಸುಬ್ಬಪ್ಪನ ದನಿ.

“ಎರಡೆರಡು ಸಲ ದಿಬ್ಬ ಹತ್ತಿ ಬಂದ್ರೂ ಹುಡುಗ ಒಂದ್ಸಲ ಕೆಮ್ಮಲಿಲ್ಲ ಗುತ್ಯಮ್ಮ, ಜನ ಏನಾದ್ರೂ ಅಂದ್ಕಳ್ಳಿ, ನಮ್ಮ ಪುಷ್ಪನ್ನ ನಿಮ್ಮನೆಗೆ ಕೊಡ್ತೀವಿ.”